ಒಂಬತ್ತು ಮಕ್ಕಳ ಶಾಲೆ ಮತ್ತು ಚಿಕ್ಕಮ್ಮನ ಏಣಿ ಲೆಕ್ಕ

ನಮ್ಮ ಊರಿನ ಶಾಲೆಯನ್ನು ಪಕ್ಕದ ಊರಿನ ಶಾಲೆಗೆ ಸೇರಿಸುವ ಮಾತು ಬಂದದ್ದು 2024ರ ನವೆಂಬರಿನಲ್ಲಿ, ಸರಿಯಾಗಿ ಅಡಿಕೆಯ ಕೊನೆಕೊಯ್ಲು ಶುರುವಾಗುವ ಹೊತ್ತಿಗೆ. ಅಂಗಳದಲ್ಲಿ ಹಸಿ ಅಡಿಕೆಯ ರಾಶಿ ಬಿದ್ದಿತ್ತು, ಸುಲಿಯುವವರು ಜಗಲಿಯಲ್ಲಿ ಕೂತಿದ್ದರು, ಒಲೆಯ ಮೇಲೆ ಹದಿನೈದು ಜನರ ಚಹಾ ಕುದಿಯುತ್ತಿತ್ತು. ಅಕ್ಕೋರ, ಅಂದರೆ ಶಾಲೆಯ ಶಿಕ್ಷಕಿಯ, ಫೋನು ಬಂತು. "ಸಿಆರ್‌ಪಿ ಬಂದಿದ್ದಾರೆ. ನೀವು ಒಂದು ಗಳಿಗೆ ಬಂದು ಹೋಗಬೇಕು" ಎಂದರು. ಅವರ ದನಿ ಎಂದಿನಂತಿರಲಿಲ್ಲ.

ನಾನು ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷೆ. ಚುನಾವಣೆಯಲ್ಲಿ ಗೆದ್ದು ಆದವಳಲ್ಲ, ಆಯ್ಕೆಯ ಸಭೆಗೆ ತಡವಾಗಿ ಹೋದದ್ದಕ್ಕೆ ಆದವಳು. ಮಗಳು ಆಗ ಎರಡನೇ ತರಗತಿ. ಊರು ಶಿರಸಿ ಶೈಕ್ಷಣಿಕ ಜಿಲ್ಲೆಯದು ಎಂದಷ್ಟೇ ಹೇಳುತ್ತೇನೆ, ತಾಲ್ಲೂಕು ಯಾವುದು ಎನ್ನುವುದಿಲ್ಲ. ಉತ್ತರ ಕನ್ನಡ ಕಂದಾಯದ ಲೆಕ್ಕದಲ್ಲಿ ಒಂದೇ ಜಿಲ್ಲೆಯಾದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು: ಘಟ್ಟದ ಕೆಳಗಿನ ಕರಾವಳಿ ತಾಲ್ಲೂಕುಗಳು ಕಾರವಾರಕ್ಕೆ, ಮೇಲಿನವು ಶಿರಸಿಗೆ. ಎರಡೂ ಕಡೆ ಒಬ್ಬೊಬ್ಬ ಉಪನಿರ್ದೇಶಕರು. ನನಗೆ ಇದು ತಿಳಿದದ್ದೇ ಆಮೇಲೆ. ಮೊದಲ ಅರ್ಜಿಯನ್ನು ನಾನು ಕಾರವಾರದ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ಹದಿನೆಂಟು ದಿನ ಕಳೆದುಕೊಂಡೆ. ಈ ದಾರಿ ಹಿಡಿಯುವವರು ಮೊದಲು ತಮ್ಮ ತಾಲ್ಲೂಕು ಯಾವ ಶೈಕ್ಷಣಿಕ ಜಿಲ್ಲೆಗೆ ಸೇರಿದೆ ಎಂದು ನೋಡಿಕೊಳ್ಳಿ.

ಸಿಆರ್‌ಪಿ, ಅಂದರೆ ಹತ್ತಿಪ್ಪತ್ತು ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಮೂಹ ಸಂಪನ್ಮೂಲ ವ್ಯಕ್ತಿ, ನಮ್ಮವರೇ ಆದ ಸಾಧು ಮನುಷ್ಯ. ಕೈಯಲ್ಲಿದ್ದ ಹಾಳೆಯನ್ನು ನನಗೆ ತೋರಿಸಲೋ ಬೇಡವೋ ಎಂಬ ಗೊಂದಲದಲ್ಲಿ ಅರ್ಧ ಮಡಚಿಕೊಂಡಿದ್ದರು. ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳ ಪಟ್ಟಿ ಅದು. ನಮ್ಮ ಶಾಲೆಯ ಹೆಸರಿನ ಮುಂದೆ 8 ಎಂದಿತ್ತು. "ಪಕ್ಕದ ಹಿರಿಯ ಪ್ರಾಥಮಿಕ ಶಾಲೆಗೆ ಮಕ್ಕಳನ್ನು ಕಳಿಸುವ ಬಗ್ಗೆ ಸಮಿತಿಯ ಅಭಿಪ್ರಾಯ ಬೇಕು. ಸಭೆ ಮಾಡಿ ನಡಾವಳಿ ಬರೆದುಕೊಡಿ ತಂಗೀ" ಎಂದರು.

ನಾನು ಕಿಟಕಿಯಿಂದ ಒಳಗೆ ನೋಡಿ ತಲೆ ಎಣಿಸಿದೆ. ಒಂಬತ್ತು.

ಒಂದು ಮಗುವಿನ ಈ ವ್ಯತ್ಯಾಸದ ಕಥೆಯನ್ನು ವಿವರವಾಗಿ ಹೇಳಲೇಬೇಕು, ಏಕೆಂದರೆ ಎಲ್ಲ ಸಣ್ಣ ಶಾಲೆಗಳಲ್ಲೂ ಇದು ಆಗುತ್ತದೆ. ಯು-ಡೈಸ್ ಎಂಬ ರಾಷ್ಟ್ರೀಯ ದಾಖಲೆಗೆ ಪ್ರತಿ ವರ್ಷ ಸೆಪ್ಟೆಂಬರ್ 30ರ ದಿನದ ಮಕ್ಕಳ ಸಂಖ್ಯೆಯೇ ಆಧಾರ. ಆ ದಿನ ನಿಮ್ಮ ಶಾಲೆಯ ಹೆಸರಿನಲ್ಲಿ ಎಷ್ಟು ಮಕ್ಕಳಿದ್ದಾರೋ ಅಷ್ಟೇ ಮಕ್ಕಳು ಸರ್ಕಾರದ ಕಣ್ಣಿಗೆ. ನಮ್ಮ ಒಂಬತ್ತನೆಯವನು ಹಾವೇರಿ ಕಡೆಯಿಂದ ತೋಟದ ಕೆಲಸಕ್ಕೆ ಬಂದ ಕುಟುಂಬದ ಹುಡುಗ, ನನ್ನ ಮಗಳ ತರಗತಿಯವನೇ. ಆಗಸ್ಟಿನಿಂದ ದಿನವೂ ಶಾಲೆಗೆ ಬರುತ್ತಿದ್ದ, ಮಧ್ಯಾಹ್ನದ ಬಿಸಿಯೂಟ ಉಣ್ಣುತ್ತಿದ್ದ, ಮಗ್ಗಿಯಲ್ಲಿ ಎಲ್ಲರಿಗಿಂತ ಚುರುಕು. ಆದರೆ ಎಸ್‌ಎಟಿಎಸ್ ಎಂಬ ರಾಜ್ಯದ ಆನ್‌ಲೈನ್ ವ್ಯವಸ್ಥೆಯಲ್ಲಿ ಅವನಿನ್ನೂ ಹಳೆಯ ಶಾಲೆಯ ವಿದ್ಯಾರ್ಥಿ. ಅಕ್ಕೋರು ಕೋರಿಕೆ ಕಳಿಸಿದ್ದರು, ಆ ಶಾಲೆಯವರು ಬಿಟ್ಟುಕೊಟ್ಟಿರಲಿಲ್ಲ. ಬಿಟ್ಟುಕೊಟ್ಟರೆ ಅಲ್ಲಿಯೂ ಒಂದು ಕಡಿಮೆಯಾಗುತ್ತದಲ್ಲ! ಅವರ ಸಂಕಟವೂ ನಮ್ಮದೇ. ಫೋನು, ಮತ್ತೆ ಫೋನು, ಕೊನೆಗೆ ಹುಡುಗನ ಅಪ್ಪನೇ ಒಂದು ದಿನದ ಕೂಲಿ ಬಿಟ್ಟು ಹೋಗಿ ಬಂದ ಮೇಲೆ, 23ನೇ ದಿನಕ್ಕೆ ಅವನು ನಮ್ಮವನಾದ. ಅಷ್ಟರಲ್ಲಿ ಸೆಪ್ಟೆಂಬರ್ 30 ಹೋಗಿ ಎರಡು ತಿಂಗಳಾಗಿತ್ತು. ಹೊಸ ಮಗು ಬಂದ ವಾರದಲ್ಲೇ ವರ್ಗಾವಣೆಯ ಕೋರಿಕೆ ಹಾಕಿಸಿ, ಪೂರ್ತಿಯಾಗುವವರೆಗೆ ಬೆನ್ನು ಬಿಡಬೇಡಿ.

ಸಮಿತಿಯ ಸಭೆಗೆ ಪಾಲಕರಲ್ಲದವರೂ ಬಂದರು. ಶಾಲೆಗೆ ಜಾಗ ಕೊಟ್ಟ ಮನೆಯ ಅಜ್ಜ ಕೋಲೂರಿಕೊಂಡು ಬಂದು ಮೊದಲ ಬೆಂಚಿನಲ್ಲೇ ಕೂತರು. ಆ ಬೆಂಚು ಎರಡನೇ ತರಗತಿಯವರದ್ದು, ಅವರ ಮೊಣಕಾಲು ಎದೆಗೆ ತಾಗುತ್ತಿತ್ತು. "ಮುಚ್ಚುವ ಮಾತಿಗೆ ಸಹಿ ಹಾಕಿದವರು ನಮ್ಮ ಮನೆಯ ಮೆಟ್ಟಿಲು ಹತ್ತುವುದು ಬೇಡ" ಎಂದು ಒಂದೇ ಮಾತು ಹೇಳಿ ಕವಳ ಹಾಕಿಕೊಂಡರು. ಆಮೇಲೆ ಎಲ್ಲರೂ ಒಟ್ಟಿಗೆ ಮಾತನಾಡಿದರು. ಇಂಗ್ಲಿಷ್ ಶಾಲೆಯ ಹಳದಿ ವ್ಯಾನಿಗೆ ತಮ್ಮ ಮಕ್ಕಳನ್ನು ಹತ್ತಿಸುವ ಇಬ್ಬರು ಎಲ್ಲರಿಗಿಂತ ಜೋರಾಗಿ ಕನ್ನಡ ಶಾಲೆ ಉಳಿಯಬೇಕು ಎಂದರು. ನಡಾವಳಿ ಪುಸ್ತಕದಲ್ಲಿ "ಒಪ್ಪಿಗೆ ಇಲ್ಲ" ಎಂದು ಬರೆದು ಹದಿಮೂರು ಸಹಿ ಹಾಕಿಸಿದೆ. ಕೆಲಸ ಮುಗಿಯಿತು ಎಂದುಕೊಂಡೆ.

ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಅದನ್ನು ನೋಡಿದ ವಿಷಯ ನಿರ್ವಾಹಕರು ಕನ್ನಡಕದ ಮೇಲಿನಿಂದ ನನ್ನನ್ನು ದಿಟ್ಟಿಸಿ, "ಇಲ್ಲ ಎಂದರೆ ಸಾಲದು ಅಮ್ಮ. ಮುಂದೆ ಮಕ್ಕಳು ಎಲ್ಲಿಂದ ಬರುತ್ತಾರೆ, ಅದನ್ನು ಬರೆದುಕೊಡಿ" ಎಂದರು. ಆಗ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ಇಡೀ ಎಂಟು ತಿಂಗಳಲ್ಲಿ ನನಗೆ ಸಿಕ್ಕ ನಿಜವಾದ ಪ್ರಶ್ನೆ ಅದೊಂದೇ.

ಆ ರಾತ್ರಿ ಚಿಕ್ಕಮ್ಮನಿಗೆ ಫೋನು ಮಾಡಿದೆ. ಅವರು ಕಾರವಾರದ ಕಡೆ ಶಿಕ್ಷಕಿಯಾಗಿ ನಿವೃತ್ತರಾದವರು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಕರಾವಳಿಯ ಊರಿಗೆ ಊರೇ ಎದ್ದು ಹೋದದ್ದನ್ನು ಕಂಡವರು. ಒಂದು ಕಡೆ ಶಾಲೆಯ ಗಂಟೆ ಹೊಡೆಯಲು ಮಕ್ಕಳಿಲ್ಲ, ಇನ್ನೊಂದು ಕಡೆ ಪುನರ್ವಸತಿ ಕಾಲೊನಿಯ ಶಾಲೆಯಲ್ಲಿ ಕೂರಲು ಜಾಗವಿಲ್ಲ. "ನಮ್ಮಲ್ಲಿ ಮಕ್ಕಳು ಒಂದೇ ವರ್ಷದಲ್ಲಿ ಹೋದರು, ನಿಮ್ಮಲ್ಲಿ ಮೂವತ್ತು ವರ್ಷದಲ್ಲಿ ಹೋಗಿದ್ದಾರೆ. ಅದಕ್ಕೇ ನಿಮಗೆ ಗೊತ್ತಾಗಲಿಲ್ಲ" ಎಂದರು. ಆಮೇಲೆ ಏಣಿ ಲೆಕ್ಕ ಹೇಳಿಕೊಟ್ಟರು. ಹಾಳೆಯಲ್ಲಿ ಅಡ್ಡಕ್ಕೆ ವರ್ಷ, ಉದ್ದಕ್ಕೆ ತರಗತಿ. ಈ ವರ್ಷದ ಒಂದನೇ ತರಗತಿ ಮುಂದಿನ ವರ್ಷ ಎರಡನೆಯದರ ಮನೆಗೆ ಹತ್ತುತ್ತದೆ, ಎರಡು ಮೂರಕ್ಕೆ, ಹೀಗೆ. ಮೇಲಿನಿಂದ ಐದನೆಯವರು ಇಳಿದು ಹೋಗುತ್ತಾರೆ, ಕೆಳಗಿನಿಂದ ಅಂಗನವಾಡಿಯವರು ಹತ್ತುತ್ತಾರೆ. ಹತ್ತುವಾಗ ಎಷ್ಟು ಜನ ಜಾರುತ್ತಾರೆ ಎಂದು ಹಿಂದಿನ ಐದು ವರ್ಷದ ಪುಸ್ತಕ ನೋಡಿ ಹೇಳಬೇಕು. ಅಷ್ಟೇ. ದೊಡ್ಡ ಕಚೇರಿಗಳಲ್ಲಿ ಕೋಣೆ, ಶಿಕ್ಷಕರು, ಪುಸ್ತಕ, ಅಡುಗೆಯವರು ಎಲ್ಲವನ್ನೂ ಅಂದಾಜು ಮಾಡುವುದು ಇದೇ ಏಣಿಯ ಮೇಲೆ ಎಂದರು.

ಮೇಲಿನ ಮೆಟ್ಟಿಲುಗಳು ಸುಲಭ, ಮಕ್ಕಳು ಕಣ್ಣೆದುರೇ ಇದ್ದಾರೆ. ಕಷ್ಟವಾದದ್ದು ಕೆಳಗಿನ ಮೆಟ್ಟಿಲು, ಇನ್ನೂ ಶಾಲೆಗೆ ಬಾರದ ಮಕ್ಕಳದು. ಜನನ ನೋಂದಣಿಯಲ್ಲಿ ಸಿಕ್ಕೀತು ಎಂದು ಗ್ರಾಮ ಆಡಳಿತ ಅಧಿಕಾರಿಯ ಕಚೇರಿಗೆ ಹೋದೆ. ಮೂರನೆಯ ಸಲಕ್ಕೆ ಅವರು ಸಿಕ್ಕರು, ಪುಸ್ತಕವೂ ಸಿಕ್ಕಿತು, ಆದರೆ ಅದರಲ್ಲಿ ನಮ್ಮ ಊರಿನ ಮಕ್ಕಳೇ ಇರಲಿಲ್ಲ. ನನ್ನ ಮಗಳೇ ಇರಲಿಲ್ಲ! ಜನನ ನೋಂದಣಿ ಆಗುವುದು ಮಗು ಹುಟ್ಟಿದ ಜಾಗದಲ್ಲಿ. ಈಗ ಮನೆಯಲ್ಲಿ ಹೆರುವವರು ಯಾರು? ಎಲ್ಲವೂ ಪಟ್ಟಣದ ಆಸ್ಪತ್ರೆಯ ಲೆಕ್ಕಕ್ಕೆ, ಚೊಚ್ಚಲಾದರೆ ತವರು ಮನೆಯ ಊರಿನ ಲೆಕ್ಕಕ್ಕೆ. ಆ ಪುಸ್ತಕದ ಪ್ರಕಾರ ನಮ್ಮ ಊರಿನಲ್ಲಿ ಜನ ಸಾಯುತ್ತಾರೆಯೇ ಹೊರತು ಹುಟ್ಟುವುದಿಲ್ಲ. ಜನಗಣತಿಯೂ ಉಪಯೋಗಕ್ಕೆ ಬರುವುದಿಲ್ಲ. 2021ರಲ್ಲಿ ಆಗಬೇಕಾದದ್ದು ಆಗದೆ, ಊರಿನ ಜನಸಂಖ್ಯೆ ಎಂದು ಎಲ್ಲರೂ ತೋರಿಸುವುದು 2011ರ ಅಂಕಿಯನ್ನೇ.

ಬೇಕಾದದ್ದೆಲ್ಲ ಇದ್ದದ್ದು ಅಂಗನವಾಡಿಯಲ್ಲಿ. ಅಲ್ಲಿನ ಕಾರ್ಯಕರ್ತೆಯ ಬಳಿ ಮನೆವಾರು ಪುಸ್ತಕವಿದೆ, ಗರ್ಭಿಣಿಯರಿಂದ ಹಿಡಿದು ಆರು ವರ್ಷದವರೆಗೆ ಎಲ್ಲರ ಹೆಸರೂ ಇರುತ್ತದೆ, ಪೌಷ್ಟಿಕ ಆಹಾರದ ಹಂಚಿಕೆಗಾಗಿ. ಆಶಾ ಕಾರ್ಯಕರ್ತೆಯ ಬಳಿ ತಾಯಿ ಕಾರ್ಡಿನ ಲೆಕ್ಕ ಬೇರೆ. ಎರಡನ್ನೂ ಜೋಡಿಸಿದರೆ ಒಂದು ಮಗುವೂ ತಪ್ಪುವುದಿಲ್ಲ. ನೀವು ಇದೇ ಕೆಲಸಕ್ಕೆ ಹೊರಟಿದ್ದರೆ ಬೇರೆ ಎಲ್ಲಿಗೂ ಅಲೆಯದೆ ನೇರವಾಗಿ ಅಲ್ಲಿಗೆ ಹೋಗಿ, ಮೊದಲೇ ಹೇಳಿ ಸಮಯ ಕೇಳಿಕೊಳ್ಳಿ, ಅವರ ಕೆಲಸವೇ ಅವರಿಗೆ ಸಾಕಷ್ಟಿರುತ್ತದೆ.

ಒಂದು ಸಂಜೆ ಅಂಗನವಾಡಿಯ ಚಾಪೆಯ ಮೇಲೆ ಕೂತು ನಾವಿಬ್ಬರೂ ಮಕ್ಕಳನ್ನು ಶಾಲೆ ಸೇರುವ ವರ್ಷದ ಪ್ರಕಾರ ವಿಂಗಡಿಸಿದೆವು. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬುದು ನಿಯಮ. 2025ಕ್ಕೆ ಇಬ್ಬರು. 2026ಕ್ಕೆ ಮೂವರು. 2027ಕ್ಕೆ ಒಬ್ಬಳು. 2028ಕ್ಕೆ ಇಬ್ಬರು. 2029ರ ಸಾಲಿಗೆ ಬಂದಾಗ ಅವರು ಬೆರಳನ್ನು ಪುಟದ ಮೇಲಿನಿಂದ ಕೆಳಗಿನವರೆಗೆ ಎಳೆದರು, ಪುಟ ತಿರುಗಿಸಿದರು, ಮತ್ತೆ ಹಿಂದಕ್ಕೆ ಬಂದರು. ಆ ಹನ್ನೆರಡು ತಿಂಗಳಲ್ಲಿ ನಮ್ಮ ಊರಿನಲ್ಲಿ ಒಂದು ಮಗುವೂ ಹುಟ್ಟಿರಲಿಲ್ಲ. "ನಾನೇ ಗಮನಿಸಿರಲಿಲ್ಲ ನೋಡಿ" ಎಂದರು. ಆ ವರ್ಷದ ಊರಿನ ಸಂಗತಿಗಳು ನನಗೆ ಚೆನ್ನಾಗಿ ನೆನಪಿವೆ: ಎರಡು ಮದುವೆ, ಮೂರು ಸಾವು, ಒಂದು ಮನೆ ಪೂರ್ತಿ ಬೀಗ ಹಾಕಿ ಬೆಂಗಳೂರಿಗೆ ಹೋದದ್ದು. ತೊಟ್ಟಿಲು ಕಟ್ಟಲಿಲ್ಲ ಎಂಬುದು ಮಾತ್ರ ಯಾರಿಗೂ ಸುದ್ದಿಯಾಗಿರಲಿಲ್ಲ.

ಶಾಲೆಯ ದಾಖಲಾತಿ ಪುಸ್ತಕದಿಂದ ಜಾರುವವರ ಲೆಕ್ಕ ತೆಗೆದೆ. ಬಟ್ಟೆಯ ರಟ್ಟಿನ ಆ ಹಳೆಯ ಪುಸ್ತಕದಲ್ಲಿ ನನ್ನ ಮಾವನವರ ಹೆಸರಿದೆ, ಗಂಡನ ಹೆಸರಿದೆ. ಗಂಡ ಸೇರಿದ ವರ್ಷ ಒಂದನೇ ತರಗತಿಗೇ ಹದಿನೇಳು ಮಕ್ಕಳು. 2024ರಲ್ಲಿ ಒಬ್ಬಳು. ಹಿಂದಿನ ಐದು ವರ್ಷದಲ್ಲಿ ನಮ್ಮ ಅಂಗನವಾಡಿಯಿಂದ ಶಾಲೆಯ ವಯಸ್ಸಿಗೆ ಬಂದವರು 13, ನಮ್ಮ ಶಾಲೆ ಸೇರಿದವರು 8. ಉಳಿದ ಐವರು ಹಳದಿ ವ್ಯಾನಿಗೆ.

ಏಣಿ ತುಂಬಿದೆ. ಆ ವರ್ಷ ಒಂದನೇ ತರಗತಿಯಿಂದ ಐದರವರೆಗೆ ಕ್ರಮವಾಗಿ 1, 3, 1, 2, 2. ಹುಟ್ಟಿದ ಎಲ್ಲ ಮಕ್ಕಳೂ ನಮ್ಮಲ್ಲಿಗೇ ಬಂದರೆ ಶಾಲೆ 2026–27ರಲ್ಲಿ 10ಕ್ಕೆ ಏರಿ, 2029–30ರ ಹೊತ್ತಿಗೆ 8ಕ್ಕೆ ಇಳಿಯುತ್ತದೆ. ಇಷ್ಟು ವರ್ಷದ ರೂಢಿಯಂತೆ ಜಾರಿದರೆ 2029–30ರಲ್ಲಿ 5. ಮೂರು ಸಲ ಕೂಡಿದೆ. ಐದೇ.

ಗಂಡ ನೋಡಿ, "ಹತ್ತು ಎಂದಷ್ಟೇ ಬರೆದುಕೊಡು. ಯಾರು ಬಂದು ನೋಡುತ್ತಾರೆ?" ಎಂದರು. ಸುಳ್ಳಲ್ಲ, ಏಣಿಯಲ್ಲಿ ಹತ್ತು ಎಂಬ ಅಂಕಿ ಇತ್ತು. ಶಾಲೆ ಉಳಿಸಲು ಹೊರಟವಳು ನಾನು, ನನ್ನ ಲೆಕ್ಕವೇ ನನ್ನ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಅಡಿಕೆ ಬೇಯಿಸುವ ಒಲೆಯ ಮುಂದೆ ಕೂತಾಗಲೂ ತಲೆಯಲ್ಲಿ ಅದೇ. ಐದು ಮಕ್ಕಳ ಶಾಲೆ ಎಂದರೆ ಮಗಳ ತಂಗಿ ತರಗತಿಯಲ್ಲಿ ಒಬ್ಬಳೇ ಕೂರುತ್ತಾಳೆ. ಕುಂಟಾಬಿಲ್ಲೆ ಆಡಲೂ ಜೊತೆ ಬೇಕಲ್ಲ?

ಈ ನಡುವೆ ದೂರದ ತಕರಾರು. ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳ ಪ್ರಕಾರ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆ ಒಂದು ಕಿಲೋಮೀಟರಿನ ಒಳಗೆ ಇರಬೇಕು. ಕಚೇರಿಯ ನಕ್ಷೆಯಲ್ಲಿ ಪಕ್ಕದ ಶಾಲೆ ನಮಗೆ 960 ಮೀಟರ್. ಹಕ್ಕಿಗೆ ಹೌದು. ಮನುಷ್ಯರಿಗೆ ನಡುವೆ ಒಂದು ಹಳ್ಳವಿದೆ, ಅದರ ಮೇಲೆ ಎರಡು ಅಡಿಕೆ ಮರ ಅಡ್ಡ ಹಾಕಿ ಬಿದಿರು ಕಟ್ಟಿದ ಕಾಲುಸಂಕ. ಅದನ್ನು ದಾಟಿ ಗದ್ದೆಯ ಹಾಳಿಯ ಮೇಲೆ ಬಳಸಿ ಹೋದರೆ ಒಂದೂವರೆ ಕಿಲೋಮೀಟರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಕದ ಮೇಲೆ ನೀರು ಹರಿಯುವ ದಿನಗಳಲ್ಲಿ ಡಾಂಬರು ರಸ್ತೆ ಹಿಡಿದರೆ 3.1. ಬೈಕಿನ ಮೀಟರಿನಲ್ಲಿ ಎರಡು ಸಲ ಅಳೆದೆವು. ಕಷ್ಟದ ನೆಲ, ಪ್ರವಾಹ, ರಸ್ತೆ ಇಲ್ಲದಿರುವಿಕೆ ಇವನ್ನು ಪರಿಗಣಿಸಿ ಶಾಲೆಯ ಜಾಗ ತೀರ್ಮಾನಿಸಬೇಕು, ಹತ್ತಿರ ಶಾಲೆ ಇಲ್ಲದ ಸಣ್ಣ ಮಜರೆಗಳ ಮಕ್ಕಳಿಗೆ ಉಚಿತ ವಾಹನದಂಥ ಏರ್ಪಾಡು ಮಾಡಬೇಕು ಎಂದು ಕೇಂದ್ರದ 2010ರ ನಿಯಮಗಳಲ್ಲೇ ಇದೆ. ಆ ಪುಟದ ಪ್ರತಿ ತೆಗೆದು ಅಡಿಗೆರೆ ಹಾಕಿ ಲಗತ್ತಿಸಿದೆ.

ಆದರೆ ತಪಾಸಣೆಗೆ ಬಂದವರು ಬಂದದ್ದು ಫೆಬ್ರುವರಿಯಲ್ಲಿ. ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರಿತ್ತು, ನನ್ನ ಎರಡನೆಯ ಮಗಳು ಅದರಲ್ಲಿ ನಿಂತು ಮೀನು ಹಿಡಿಯುತ್ತಿದ್ದಳು. "ಇದೇ ಹಳ್ಳವೇ?" ಎಂದು ಅವರು ಕೇಳಿದಾಗ ನನಗೆ ನೆಲ ಬಿರಿಯಬಾರದೇ ಎನಿಸಿತು. ಆಮೇಲೆ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹುಡುಕಿ ಹುಡುಕಿ, ಕೆಳಗಿನ ಮನೆಯ ಭಾವ ಜುಲೈನಲ್ಲಿ ತೆಗೆದ ಒಂದು ವಿಡಿಯೊ ಸಿಕ್ಕಿತು. ಕೆಂಪು ನೀರು, ಸಂಕದ ಬಿದಿರು ಮಾತ್ರ ಮೇಲೆ, ಹಿನ್ನೆಲೆಯಲ್ಲಿ ಭಾವನ ಬೈಗುಳ. ಬೈಗುಳದ ಸದ್ದು ತೆಗೆದು, ದಿನಾಂಕ ಕಾಣುವಂತೆ ನಾಲ್ಕು ಚಿತ್ರ ಮುದ್ರಿಸಿದೆ. ಮಳೆಗಾಲದ ಸಾಕ್ಷಿಯನ್ನು ಮಳೆಗಾಲದಲ್ಲೇ ತೆಗೆದಿಟ್ಟುಕೊಳ್ಳಿ. ನಮ್ಮ ಕಡೆಯ ಕಡತಗಳೆಲ್ಲ ಬೇಸಿಗೆಯಲ್ಲಿ ನಡೆಯುತ್ತವೆ.

ಪಕ್ಕದ ಊರಿನ ಶಾಲೆಗೂ ಹೋಗಿ ಬಂದೆ. ಇದನ್ನು ಯಾರಿಗೂ ಹೇಳದೆ ಮಾಡಿದೆ, ಹೇಳಿದ್ದರೆ ಅಜ್ಜ ಹೇಳಿದ ಮೆಟ್ಟಿಲಿನ ಮಾತು ಅಂದೇ ಜಾರಿಗೆ ಬರುತ್ತಿತ್ತು. ಅಲ್ಲಿ ಒಂದರಿಂದ ಐದನೇ ತರಗತಿಗೆ 54 ಮಕ್ಕಳು. ಮುಖ್ಯ ಮಾಸ್ತರರು ಮಜ್ಜಿಗೆ ಕೊಟ್ಟು, ಮೇಜಿನ ಗಾಜಿನ ಕೆಳಗಿದ್ದ ಒಂದು ಕೋಷ್ಟಕ ತೋರಿಸಿದರು. ಕಾಯ್ದೆಯ ಅನುಸೂಚಿಯಂತೆ ಐದನೇ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು. ಅಂದರೆ 9 ಮಕ್ಕಳಿಗೂ ಇಬ್ಬರು, 60 ಮಕ್ಕಳಿಗೂ ಇಬ್ಬರು. ಕಚೇರಿಯ ತಲೆಬಿಸಿ ಏನೆಂದು ನನಗೆ ಆಗ ಅರ್ಥವಾಯಿತು. ಅವರ 54ಕ್ಕೆ ನಮ್ಮ 9 ಸೇರಿದರೆ ಅವರಿಗೆ ಮೂರನೆಯ ಶಿಕ್ಷಕರು ಸಿಗುತ್ತಾರೆ. ಅದನ್ನು ಅವರು ಬಾಯಿ ಬಿಟ್ಟು ಹೇಳಲಿಲ್ಲ, ಮಜ್ಜಿಗೆ ಮಾತ್ರ ಎರಡನೆಯ ಸಲ ಹಾಕಿದರು. ಮಕ್ಕಳು ಮೈದಾನದಲ್ಲಿ ಎರಡು ತಂಡವಾಗಿ ಕಬಡ್ಡಿ ಆಡುತ್ತಿದ್ದರು. ಎರಡು ಪೂರ್ತಿ ತಂಡ. ನಾನು ಸ್ವಲ್ಪ ಹೊತ್ತು ನಿಂತು ನೋಡಿದೆ.

ಕಚೇರಿಗೆ ಒಟ್ಟು ಏಳು ಸಲ ಹೋದೆ. ಎರಡು ಸಲ ಸಾಹೇಬರು ಸಭೆಗೆ ಹೋಗಿದ್ದರು, ಒಂದು ಸಲ ಪರೀಕ್ಷೆಯ ಕೆಲಸ, ಒಂದು ಸಲ ನನ್ನ ಕಡತವೇ ಸಿಗಲಿಲ್ಲ. ಟಪಾಲಿನಲ್ಲಿ ಕೊಟ್ಟ ಪ್ರತಿಯೊಂದು ಕಾಗದಕ್ಕೂ ಇನ್ನೊಂದು ಪ್ರತಿಯ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಂಡಿದ್ದೆ, ಅದರಿಂದಲೇ ಬಚಾವಾದೆ. ಒಂದು ಸಲ ಶಾಲೆಯ ಜಾಗದ ಪಹಣಿ ಕೇಳಿದರು. ತೆಗೆಸಿ ನೋಡಿದರೆ ಅದು ಇನ್ನೂ ಅಜ್ಜನ ತಂದೆಯ ಹೆಸರಿನಲ್ಲೇ ಇತ್ತು, ಇಲಾಖೆಯ ಹೆಸರಿಗೆ ಬಂದೇ ಇಲ್ಲ. ಆ ಪಹಣಿಯ ಸುದ್ದಿ ಊರಿನಲ್ಲಿ ಹಬ್ಬಿ, ಶಾಲೆ ಮುಚ್ಚಿದರೆ ಜಾಗ ಅಜ್ಜನಿಗೆ ಮರಳುತ್ತದೆ, ಅದಕ್ಕೇ ನಾಟಕ ಎಂದು ಕೆಲವರು, ಜಾಗ ಹೊಡೆಯಲು ಅಧ್ಯಕ್ಷೆಯದೇ ಹುನ್ನಾರ ಎಂದು ಇನ್ನು ಕೆಲವರು. ಅಜ್ಜ ನನ್ನೊಡನೆ ಮಾತು ಬಿಟ್ಟರು. ಎರಡು ತಿಂಗಳು ದೇವಸ್ಥಾನದಲ್ಲಿ ಕಂಡರೂ ಕಂಬದ ಕಡೆ ತಿರುಗುತ್ತಿದ್ದರು. ಖರ್ಚು ಕೇಳಿದರೆ ಹೇಳುತ್ತೇನೆ: ಬಸ್ಸು, ಜೆರಾಕ್ಸ್, ಅಂಚೆ, ಪಹಣಿ, ಚಿತ್ರ ಮುದ್ರಣ, ತಪಾಸಣೆಯ ದಿನದ ಜೀಪು ಎಲ್ಲ ಸೇರಿ 2,870 ರೂಪಾಯಿ. ಕಂಬದ ಕಡೆ ತಿರುಗಿದ ಮುಖಕ್ಕೆ ಬೆಲೆ ಕಟ್ಟಿಲ್ಲ.

ಸಾಹೇಬರು ಸಿಕ್ಕಿದ್ದು ಮಾರ್ಚ್ ಕೊನೆಯಲ್ಲಿ. ನಾನು ಏಣಿಯ ಹಾಳೆ ಕೊಟ್ಟೆ, ಎರಡೂ ಸಾಲು ಇದ್ದದ್ದನ್ನೇ, 8 ಮತ್ತು 5. ಅವರು ಅಳತೆಪಟ್ಟಿ ಇಟ್ಟು ಒಂದೊಂದೇ ಸಾಲು ನೋಡಿದರು. ಪೆನ್ಸಿಲಿನಿಂದ 2029ರ ಸೊನ್ನೆಗೆ ಸುತ್ತು ಹಾಕಿ, "ಇದು ಖಚಿತವೇ?" ಎಂದರು. ಖಚಿತ ಎಂದೆ. ಗಣಕಯಂತ್ರವನ್ನು ನನ್ನ ಕಡೆ ತಿರುಗಿಸಿ ತಾಲ್ಲೂಕಿನ ಎಲ್ಲ ಶಾಲೆಗಳ ಪಟ್ಟಿ ತೋರಿಸಿದರು. ಬಣ್ಣ ಬಣ್ಣದ ಸಾಲುಗಳು. ಕೆಂಪಿನಲ್ಲಿ ನಮ್ಮಂಥವು, ಹಳದಿಯಲ್ಲಿ ಎರಡು ಮೂರು ವರ್ಷದಲ್ಲಿ ನಮ್ಮಂತಾಗುವವು. ಹಳದಿಯೇ ಹೆಚ್ಚಿತ್ತು. ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ಹೇಳುತ್ತದೆ, ಜನಸಂಖ್ಯೆ ಇದ್ದಲ್ಲಿ ನಿಲ್ಲಲೂ 2.1 ಬೇಕು, ಇದನ್ನು ನಾನೊಬ್ಬ ಏನು ಮಾಡಲಿ ಎಂದರು. "ನಿಮ್ಮ ಹಾಳೆಯಲ್ಲಿ ಇರುವುದು ನನ್ನ ಪಟ್ಟಿಯಲ್ಲಿ ಇಲ್ಲ. ನನಗೆ ಶಾಲೆಯ ಒಳಗೆ ಇರುವವರು ಮಾತ್ರ ಕಾಣುತ್ತಾರೆ" ಎಂದು ಆ ಹಾಳೆಯ ಒಂದು ಪ್ರತಿ ಇಟ್ಟುಕೊಂಡರು.

ಹಿಂದಿರುಗಿ ಎರಡನೆಯ ಸಭೆ ಕರೆದೆ. ಈ ಸಲ ಏಣಿಯನ್ನು ಕಪ್ಪು ಹಲಗೆಯ ಮೇಲೆ ಬರೆದೆ. ಸೊನ್ನೆ ಬರೆಯುವಾಗ ಕೋಣೆಯಲ್ಲಿ ಸದ್ದಿರಲಿಲ್ಲ. ನಡಾವಳಿ ಹೀಗೆ ಆಯಿತು: ಸಂಕದ ಜಾಗದಲ್ಲಿ ಕಿರುಸೇತುವೆ ಆಗುವ ತನಕ ಶಾಲೆ ಇಲ್ಲೇ ಇರಬೇಕು, ಆದ ಮೇಲೆ, ಮಳೆಗಾಲದಲ್ಲಿ ವಾಹನದ ಏರ್ಪಾಡು ಲಿಖಿತವಾಗಿ ಸಿಕ್ಕರೆ, ನಾಲ್ಕು ಮತ್ತು ಐದನೇ ತರಗತಿಯವರು ಮೊದಲು ಅಲ್ಲಿಗೆ ಹೋಗಲು ಅಭ್ಯಂತರವಿಲ್ಲ, ಕಟ್ಟಡವನ್ನು ಅಂಗನವಾಡಿಗೆ ಕೊಡಬೇಕು. ಹನ್ನೊಂದು ಸಹಿ. ಅಜ್ಜ ಹಾಕಲಿಲ್ಲ, ಎದ್ದೂ ಹೋಗಲಿಲ್ಲ.

ಏಪ್ರಿಲ್‌ನಲ್ಲಿ ನನ್ನ ಏಣಿ ಅಲುಗಾಡಿತು. ಆ ಒಂದು ವರ್ಷದ ಮಟ್ಟಿಗೆ ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ 5 ವರ್ಷ 5 ತಿಂಗಳಾದ ಮಕ್ಕಳನ್ನೂ ಒಂದನೇ ತರಗತಿಗೆ ಸೇರಿಸಬಹುದು ಎಂದು ಸರ್ಕಾರ ಸಡಿಲಿಕೆ ಕೊಟ್ಟಿತು. ಅಕ್ಟೋಬರಿನಲ್ಲಿ ಹುಟ್ಟಿದ ಒಬ್ಬ ಹುಡುಗ, 2026ರ ಮೂವರಲ್ಲಿ ಒಬ್ಬ, ಈಗಲೇ ಬರುವಂತಾದ. ಅಕ್ಕೋರು ಹಿಗ್ಗಿದರು. ನಾನು ಹಿಗ್ಗಲಿಲ್ಲ, ಏಕೆಂದರೆ ಮುಂದಿನ ವರ್ಷದ ಮಗುವನ್ನು ಕೈಗಡ ತಂದ ಹಾಗೆ ಅದು. 2026ರ ಸಾಲಿನಲ್ಲಿ ಮೂರನ್ನು ಅಳಿಸಿ ಎರಡು ಮಾಡಿದೆ. ಇನ್ನು ಆ ಹಾವೇರಿಯ ಹುಡುಗ? ಯುಗಾದಿಗೆ ಊರಿಗೆ ಹೋದ ಕುಟುಂಬ ಮರಳಲಿಲ್ಲ. ಮೇ ಕೊನೆಯಲ್ಲಿ ಅವನ ಹೊಸ ಶಾಲೆಯಿಂದ ವರ್ಗಾವಣೆಯ ಕೋರಿಕೆ ಬಂತು. ಅಕ್ಕೋರು ಅದೇ ದಿನ ಬಿಟ್ಟುಕೊಟ್ಟರು. 23 ದಿನ ಕಾಯಿಸಲಿಲ್ಲ.

ಹೀಗೆ ಹೊಸ ವರ್ಷಕ್ಕೆ ಉಳಿದ ಆರು, ಬಂದ ಇಬ್ಬರು, ಒಟ್ಟು ಎಂಟು. 2025ಕ್ಕೆ ಬರಬೇಕಾದ ಇಬ್ಬರಲ್ಲಿ ಒಬ್ಬಳು ಹಳದಿ ವ್ಯಾನು ಹತ್ತಿದಳು. ಎಂಟು ಎಂಬ ಅಂಕಿ ನನ್ನ ಕೆಳಗಿನ ಸಾಲಿನೊಂದಿಗೆ ಸರಿಯಾಗಿ ಕೂಡಿತು, ಆದರೆ ಒಳಗಿನ ತಲೆಗಳು ಬೇರೆ. ವಲಸೆ ಬಂದ ಮಗು ಉಳಿಯುತ್ತದೆ ಎಂದುಕೊಂಡದ್ದು ನನ್ನ ತಪ್ಪು. ನೀವು ಏಣಿ ಬರೆಯುವಾಗ ಅಂಥವರಿಗೆ ಬೇರೆಯೇ ಒಂದು ಸಾಲು ಮಾಡಿ.

ಕಚೇರಿಯ ಪತ್ರ ಬಂದದ್ದು ಜೂನ್ ಎರಡನೇ ವಾರ, ಸುರಿಯುವ ಮಳೆಯಲ್ಲಿ, ಅಂಚೆಯವನ ಪ್ಲಾಸ್ಟಿಕ್ ಚೀಲದ ಒಳಗೆ ಬೆಚ್ಚಗೆ. 2025–26ನೇ ಸಾಲಿಗೆ ಯಥಾಸ್ಥಿತಿ, ಸೆಪ್ಟೆಂಬರ್ 30ರ ಅಂಕಿಯ ಮೇಲೆ ಮರುಪರಿಶೀಲನೆ, ಸೇತುವೆಯ ಬಗ್ಗೆ ಗ್ರಾಮ ಪಂಚಾಯ್ತಿಗೆ ಪತ್ರ. ಅದರ ಹಿಂದೆಯೇ ಇನ್ನೊಂದು: ನಮ್ಮ ಶಾಲೆಯ ಇನ್ನೊಬ್ಬ ಶಿಕ್ಷಕರಾದ ಮಾಸ್ತರರನ್ನು ಬೇರೆ ಶಾಲೆಗೆ ನಿಯೋಜಿಸಲಾಗಿದೆ. ಈಗ ಅಕ್ಕೋರು ಒಬ್ಬರೇ, ಐದು ತರಗತಿಗೆ. ಅವರು ರಜೆ ಹಾಕಿದ ದಿನ ಪಕ್ಕದ ಶಾಲೆಯಿಂದ ಒಬ್ಬರು ಬರಬೇಕು, ಮೂರು ಕಿಲೋಮೀಟರ್ ಸುತ್ತಿ. ಇದನ್ನು ಗೆಲುವು ಎಂದು ಊರಿನಲ್ಲಿ ಕೆಲವರು ಪಟಾಕಿ ಹಚ್ಚುವ ಮಾತಾಡಿದರು, ಪಟಾಕಿ ಮಳೆಗೆ ಒದ್ದೆಯಾಗಿತ್ತು.

2025ರ ಸೆಪ್ಟೆಂಬರ್ 30 ದಸರಾ ರಜೆಯ ನಡುವೆ ಬಂತು. ಅಕ್ಕೋರು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆಂದು ಮನೆ ಮನೆ ತಿರುಗುತ್ತಿದ್ದರು. ಬೀಗ ಹಾಕಿದ ಮನೆಗಳ ಮುಂದೆ ನಿಂತು ಯಾರ ಹೆಸರು ಬರೆಯಲಿ ಎಂದು ನನಗೆ ಫೋನು ಮಾಡುತ್ತಿದ್ದರು. ಸಂಜೆ ಇಬ್ಬರೂ ಸೇರಿ ಸೊಪ್ಪಿನ ಬೆಟ್ಟ ಹತ್ತಿದೆವು. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಅಲ್ಲಿನ ಒಂದು ಮತ್ತಿಮರದ ಬುಡದಲ್ಲಿ ಮಾತ್ರ. ಸಮೀಕ್ಷೆಯದ್ದು ಮುಗಿಸಿ ಅವರು ಶಾಲೆಯ ಅಂಕಿ ನೋಡಿದರು. ಎಂಟು.

ಇಳಿಯುವಾಗ ಅಕ್ಕೋರು, "ಕೆಳಗಿನ ಮನೆಯ ಸೊಸೆಗೆ ಎಷ್ಟು ತಿಂಗಳು?" ಎಂದು ಕೇಳಿದರು. ಏಳು ಎಂದೆ. ಮನೆಗೆ ಬಂದು ಏಣಿಯ ಹಾಳೆ ತೆಗೆದೆ. ಆ ಮಗು ಶಾಲೆಗೆ ಬರುವುದು 2032ರ ಜೂನಿನಲ್ಲಿ, ನನ್ನ ಹಾಳೆ 2030ಕ್ಕೇ ಮುಗಿದಿತ್ತು. ಪಕ್ಕಕ್ಕೆ ಇನ್ನೊಂದು ತುಂಡು ಕಾಗದವನ್ನು ಅನ್ನದ ಅಗುಳಿನಿಂದ ಅಂಟಿಸಿ, ಎರಡು ಗೆರೆ ಎಳೆದು, ಪೆನ್ಸಿಲಿನಲ್ಲಿ 1 ಎಂದು ಬರೆದೆ.